ಟೆರೇಸ್ ಹಾಡು: ಪಲ್ಲವಿಗೆ ಎಲ್ರೂ ಇರ್ತಾರೆ, ಚರಣಕ್ಕೆ ನಾನೊಬ್ನೇ. ಏನ್ ಮಾಡ್ಲಿ?

ಆರುತಂತಿ:
ಎಲ್ರಿಗೂ ನಮಸ್ಕಾರ. ನಮ್ದು ಮೈಸೂರು, ಬಿಲ್ಡಿಂಗಲ್ಲಿ ಹನ್ನೆರಡು ಮನೆ, ತಿಂಗ್ಳಿಗೊಂದ್ ಶನಿವಾರ ರಾತ್ರಿ ಟೆರೇಸ್ ಮೇಲೆ ಚಾಪೆ ಹಾಸ್ಕೊಂಡು ಎಲ್ರೂ ಸೇರಿ ಹಾಡೋದು, ಯಾರಾದ್ರೂ ಚುರುಮುರಿ ಕಲಸ್ಕೊಂಡ್ ಬರ್ತಾರೆ, ಗಿಟಾರ್ ನಂದು. ಮೂರ್ ವರ್ಷದಿಂದ ಯೂಟ್ಯೂಬ್ ನೋಡ್ಕೊಂಡು ಕಲ್ತಿರೋದು ಅಷ್ಟೇ. ಪ್ರಾಬ್ಲಂ ಏನಂದ್ರೆ ಪಲ್ಲವಿ ಎಲ್ರೂ ಜೋರಾಗಿ ಹಾಡ್ತಾರೆ, ಚರಣ ಶುರುವಾಗಿ ಎರಡನೇ ಸಾಲಿಗೆ ಬರೋಷ್ಟರಲ್ಲಿ ಒಬ್ಬೊಬ್ರೇ ಕಳಚ್ಕೊಂಡು ಕೊನೆಗೆ ನಾನೊಬ್ನೇ ಕಿರುಚ್ತಿರ್ತೀನಿ, ಅವ್ರು ನನ್ ಮುಖ ನೋಡ್ಕೊಂಡು ಚುರುಮುರಿ ತಿಂತಿರ್ತಾರೆ. ಲಿರಿಕ್ಸ್ ಬರಲ್ವೇನೋ ಅಂತ ಪ್ರಿಂಟ್ ತೆಗೆಸಿ ಹಂಚ್ದೆ, ಅದೇ ಕಥೆ. ಜೊತೆಗೆ ಮುಗಿಯೋ ಹೊತ್ತಿಗೆ ಸ್ಪೀಡು ಒಂದೂವರೆ ಪಟ್ಟು. ಹಳೇ ಸಿನಿಮಾ ಹಾಡು, ಭಾವಗೀತೆ ಜಾಸ್ತಿ. ನುಡಿಸೋದು ಜಿ ಶೇಪು (ಜಿ ಶ್ರುತಿಗೆ ಬೆರಳಿಡೋ ಕಾರ್ಡ್‌ಗಳು), ಕೇಪೋ (ತಂತಿ ಒತ್ತಿ ಹಿಡಿದು ಶ್ರುತಿ ಏರ್ಸೋ ಕ್ಲಿಪ್ಪು) 4ನೇ ಫ್ರೆಟ್ಟು, ರೆಕಾರ್ಡಿಂಗ್ ಜೊತೆ ಅಲ್ಲೇ ಮ್ಯಾಚ್ ಆಗತ್ತೆ ಅಂತ.

ಟ್ರ್ಯಾಕ್‌ಪ್ರಿಯ:
ಕರೋಕೆ ಹಾಕ್ಬಿಡಿ ಬಾಸ್. ಬ್ಲೂಟೂತ್ ಸ್ಪೀಕರ್ ಒಂದಿದ್ರೆ ಸಾಕು, ಸ್ಪೀಡೂ ಏರಲ್ಲ.

ಆರುತಂತಿ:
ಅದೂ ಆಯ್ತು ಸಾರ್. ಫೋನಲ್ಲಿ ಹಾಡಿದ್ದು ಬ್ಲೂಟೂತ್ ಸ್ಪೀಕರಲ್ಲಿ ಚೂರು ತಡವಾಗಿ ಬರತ್ತೆ, ಹಾಡೋರು ಅದನ್ನ ಕೇಳ್ಕೊಂಡು ಇನ್ನೂ ಹಿಂದೆ ಬೀಳ್ತಾರೆ, ಟ್ರ್ಯಾಕ್ ಮುಂದೆ ನಾವು ಹಿಂದೆ.

ಹಾರ್ಮೋನಿಯಂ ಮೇಷ್ಟ್ರು:
ಪ್ರಿಂಟೂ ಬೇಡ ಟ್ರ್ಯಾಕೂ ಬೇಡ, ಮೊದ್ಲು ಕೇಪೋ ಇಳಿಸಿ. ಜಿ ಶೇಪು, ಕೇಪೋ 4 ಅಂದ್ರೆ ನಿಮ್ಮ ಷಡ್ಜ, ಅಂದ್ರೆ 'ಸ', ಇಂಗ್ಲಿಷ್ ಸ್ವರದ ಹೆಸರಲ್ಲಿ 'ಬಿ' ಆಯ್ತು. ಹಳೇ ಹಾಡುಗಳಲ್ಲಿ ಚರಣ ಮೇಲಿನ ಮಧ್ಯಮ, ಅಂದ್ರೆ ಮೇಲಿನ ಸ್ಥಾಯಿಯ 'ಮ', ಮುಟ್ಟೋದು ಮಾಮೂಲಿ, ಅದು ಬಂದು 'ಇ'. ರೆಕಾರ್ಡಿಂಗಲ್ಲಿ ಹಾಡಿರೋರು ದಿನಾ ಸಾಧನೆ ಮಾಡಿದೋರು, ನಿಮ್ಮ ಎದುರುಮನೆಯವ್ರು ಈಗಷ್ಟೇ ಚಪಾತಿ ಲಟ್ಟಿಸಿ ಮೇಲೆ ಬಂದು ಕೂತಿರ್ತಾರೆ, ಆ 'ಇ' ಎಲ್ಲಿಂದ ಬರ್ಬೇಕು ಹೇಳಿ. ಗಂಡಸ್ರಿಗೂ ಅದೇ ಪಾಡು, ಒಂದು ಸ್ಥಾಯಿ ಕೆಳಗೆ ಅಷ್ಟೇ.

ನನ್ ಲೆಕ್ಕ ಹೀಗೆ: ಸಂಗೀತ ಕಲೀದೇ ಇರೋರ ಗುಂಪಿಗೆ ಹಾಡಿನ ತುದಿ ಸ್ವರ 'ಸಿ', ಹೆಚ್ಚಂದ್ರೆ 'ಡಿ' ದಾಟ್ಬಾರ್ದು. ಹಾಡನ್ನ ಪಲ್ಲವಿಯಿಂದ ಅಳೀಬೇಡಿ, ಎಲ್ಲರೂ ತಪ್ಪು ಮಾಡೋದು ಅಲ್ಲೇ. ಚರಣದಲ್ಲಿ ಎಲ್ಲಕ್ಕಿಂತ ಮೇಲೆ ಹೋಗೋ ಜಾಗ ಹುಡುಕಿ, ಅದನ್ನ 'ಡಿ'ಗೆ ಕೂರ್ಸಿ, ಆಮೇಲೆ ಹಿಂದಕ್ಕೆ ಬಂದು ಷಡ್ಜ ಎಲ್ಲಿ ಬೀಳತ್ತೆ ನೋಡಿ. ನಿಮಗೆ ಕೇಪೋ 2ಕ್ಕೆ ಬರತ್ತೆ, ಷಡ್ಜ 'ಎ'. ಕೇಪೋ ಪೂರ್ತಿ ತೆಗೆದ್ರೆ ಇನ್ನೂ ಸಲೀಸು ಅನ್ಸತ್ತೆ, ಆದ್ರೆ ಕೆಳಗಿನ ಪಂಚಮಕ್ಕೆ ('ಪ') ಇಳಿಯೋ ಪಲ್ಲವಿ ಇದ್ರೆ ಅಲ್ಲಿ ಬರೀ ಗೊಣಗಾಟ. ಎರಡು ಕಡೆನೂ ಸಿಗ್ದೇ ಇರೋ ಹಾಡುಗಳಿವೆ, ಅವನ್ನ ಗುಂಪಿಗೆ ತರ್ಬೇಡಿ, ಒಬ್ರೇ ಹಾಡ್ಕೊಳ್ಳಿ.

ಮಲ್ಲೇಶ್ವರಂ ಅಕ್ಕ:
ಮೇಷ್ಟ್ರೇ ಕರೆಕ್ಟು. ನಾವು ಹೆಂಗಸ್ರು ಏನ್ ಮಾಡ್ತೀವಿ ಅಂದ್ರೆ ಮೇಲೆ ಎಟುಕಲ್ಲ ಅಂತ ಗೊತ್ತಾದ ತಕ್ಷಣ ಕೆಳಗಿನ ಸ್ಥಾಯಿಗೆ ಹಾರ್ತೀವಿ, ಅಲ್ಲಿ ಹೋದ್ರೆ ತೀರಾ ಆಳ, ಧ್ವನಿನೇ ಬರಲ್ಲ, ಆಮೇಲೆ ಬಾಯಿ ಮುಚ್ಕೊಂಡು ನಗ್ತಾ ಕೂರೋದು. ನಾಚಿಕೆ ಅಂತ ನೀವು ಅನ್ಕೋತೀರ. ಇನ್ನೊಂದ್ ವಿಷ್ಯ, ಹಾಳೆ ಕೊಟ್ರೆ ಎಲ್ರೂ ತಲೆ ಬಗ್ಸಿ ಅದನ್ನೇ ನೋಡ್ತಾರೆ, ಟೆರೇಸ್ ಬೆಳಕಲ್ಲಿ ಕನ್ನಡಕ ಹುಡುಕೋದೇ ಒಂದ್ ಕೆಲ್ಸ. ಭಜನೇಲಿ ಹೇಳ್ಕೊಡ್ತಾರಲ್ಲ ಹಾಗೆ ಸಾಲು ಮುಗಿಯೋ ಮುಂಚೆನೇ ಮುಂದಿನ ಸಾಲಿನ ಮೊದಲೆರಡು ಪದ ಕೂಗ್ಬಿಡಿ ತಮ್ಮಾ, ಉಳಿದಿದ್ದು ಅವ್ರಿಗೇ ನೆನಪಾಗತ್ತೆ.

ಹುಬ್ಬಳ್ಳಿ ಡಗ್ಗಾ:
ಸ್ಪೀಡಿಂದು ನಾ ಹೇಳ್ತೀನ್ರಿ. ಚಪ್ಪಾಳಿ ಯಾರ್ ಹೊಡಿತಾರ ನೋಡ್ರಿ, ಕಳ್ಳರು ಅಲ್ಲೇ ಅದಾರ. ದಾದ್ರಾ ತಾಳಕ್ಕ ಆರ್ ಮಾತ್ರಾ (ಎಣಿಕಿ), ಮಂದಿ ಆರಕ್ಕೂ ಹೊಡಿಯಾಕ ಹೋಗ್ತಾರ, ಕೈ ನಿಂದ್ರೂದಿಲ್ಲ, ಓಡ್ತಾರ. ಒಂದು ಮತ್ತ ನಾಕು, ಎರಡಕ್ಕಷ್ಟ ಹೊಡೀರಿ ಅಂತ ಹಾಡು ಚಾಲೂ ಮಾಡೂಕಿಂತ ಮದ್ಲ ತೋರಸ್ರಿ. ನಮ್ ಕಡೆ ಭಜನಿಯೊಳಗ ಕಡೀಕ ಲಯ ಏರಸೂದು ರೂಢಿ, ಅದು ಮಂದಿ ಮೈಯಾಗ ಕುಂತೈತಿ, ಅಲ್ಲಿ ಅದು ಚಂದನ ಐತಿ, ಆದ್ರ ಭಾವಗೀತಿ ಹಂಗ ಓಡಿಸಿದ್ರ ಬಸ್ ಹಿಡಿಯಾಕ ಹೊಂಟಂಗ ಕೇಳಸ್ತೈತಿ. ಮತ್ತ ಗಿಟಾರ್ ಜೋರ್ ಬಾರಿಸಿ ತಡಿಯಾಕ ಹೋಗಬ್ಯಾಡ್ರಿ, ಜೋರ್ ಆದಷ್ಟೂ ಅವ್ರಿಗೆ ಹುರುಪು. ಸಣ್ಣಗ ಬಾರಸ್ರಿ, ನಿಮ್ ಸಪ್ಪಳ ಕೇಳಾಕ ಅವ್ರೂ ಸಣ್ಣಗ ಆಗ್ತಾರ.

ಆರುತಂತಿ:
ಅಪ್ಡೇಟ್. ನಿನ್ನೆ ರಾತ್ರಿ ಕೇಪೋ 2ಕ್ಕೆ ಇಳ್ಸಿ ಏಳು ಹಾಡು. ಐದರಲ್ಲಿ ಚರಣ ಪೂರ್ತಿ ಬಂದ್ರು!! ಕೆಳಗಿನ ಮನೆ ಅಜ್ಜಿ, ಇಷ್ಟ್ ದಿನ ಬರೀ ಕೇಳ್ತಿದ್ದೋರು, ಅವ್ರೂ ಹಾಡಿದ್ರು. ಪದ ಮುಂಚೆ ಕೂಗೋದು ನಂಗಿನ್ನೂ ಕೈಗೆ ಹತ್ತಿಲ್ಲ, ಕೂಗಕ್ಕೆ ಹೋದ್ರೆ ಕಾರ್ಡ್ ತಪ್ಪತ್ತೆ, ಅದಕ್ಕೆ ಪಕ್ಕದ್ಮನೆ ಹುಡುಗೀಗೆ ಆ ಕೆಲ್ಸ ಕೊಟ್ಟೆ, ಚೆನ್ನಾಗ್ ಮಾಡಿದ್ಲು. ಸ್ಪೀಡು ಮಾತ್ರ ಹಾಗೇ ಇದೆ ಡಗ್ಗಾ ಸಾರ್, ಚಪ್ಪಾಳೆ ನಿಲ್ಸಿದ್ರೆ ತೊಡೆ ಕುಟ್ತಾರೆ.

ಇನ್ನೊಂದು ಡೌಟು. ನವೆಂಬರ್ 1ಕ್ಕೆ ನಾಡಗೀತೆ ಹಾಡಿಸ್ಬೇಕು, ಹೋದ್ ವರ್ಷ ಅರ್ಧ ಜನ ಮೈಸೂರು ಅನಂತಸ್ವಾಮಿ ಧಾಟಿ, ಅರ್ಧ ಜನ ಸಿ. ಅಶ್ವತ್ಥ್ ಧಾಟಿ, ಎರಡನೇ ಸಾಲಿಗೇ ಜಗಳ.

ಹಾರ್ಮೋನಿಯಂ ಮೇಷ್ಟ್ರು:
ಅದರಲ್ಲಿ ನಿಮಗೆ ಆಯ್ಕೆ ಮಾಡೋ ಕಷ್ಟ ಇಲ್ಲ. 2022ರಲ್ಲೇ ಸರ್ಕಾರ ಅನಂತಸ್ವಾಮಿ ಅವ್ರ ಧಾಟಿ ಅಂತ ಗೊತ್ತುಮಾಡಿದೆ, ಆಲಾಪ ಇಲ್ಲ, ಸಾಲು ರಿಪೀಟ್ ಇಲ್ಲ, 2 ನಿಮಿಷ 30 ಸೆಕೆಂಡು. ಬಾಯಲ್ಲಿ ಹೇಳಿದ್ರೆ ಕೇಳಲ್ಲ, ನೀವೇ ನಿಮ್ಮ ಶ್ರುತೀಲಿ ಹಾಡಿ ರೆಕಾರ್ಡ್ ಮಾಡಿ ಒಂದ್ ವಾರ ಮುಂಚೆನೇ ವಾಟ್ಸಾಪ್ ಗ್ರೂಪಿಗೆ ಹಾಕಿ. ರಿಪೀಟ್ ಮಾಡೋ ಅಭ್ಯಾಸ ಇರೋರು ಒಬ್ರಾದ್ರೂ ಇರ್ತಾರೆ, ಅವ್ರನ್ನ ನಿಮ್ ಪಕ್ಕದಲ್ಲೇ ನಿಲ್ಲಿಸ್ಕೊಳ್ಳಿ.

ಹುಬ್ಬಳ್ಳಿ ಡಗ್ಗಾ:
ತೊಡಿ ಕುಟ್ಟಾವ್ರ ಕೈಯಾಗ ಚುರುಮುರಿ ಪೊಟ್ಟಣ ಕೊಡ್ರಿ, ಎರಡೂ ಕೈಯಾಗ.