ಬಿ.ಎಸ್ಸಿ. ಓದುತ್ತಲೇ ಆಕ್ಚುವರಿ ಪರೀಕ್ಷೆಗಳಿಗೆ ಸಿದ್ಧವಾಗುವುದು ಹೇಗೆ?

ಪ್ರಶ್ನೆ (ತುಮಕೂರಿನ ವಿದ್ಯಾರ್ಥಿನಿ):

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನ ಕಾಲೇಜೊಂದರಲ್ಲಿ ಬಿ.ಎಸ್ಸಿ. ಮೊದಲ ವರ್ಷ ಓದುತ್ತಿದ್ದೇನೆ. ಗಣಿತ ಮತ್ತು ಸಂಖ್ಯಾಶಾಸ್ತ್ರ ನನ್ನ ವಿಷಯಗಳು. ವಿಮೆಯ ಕಂತನ್ನು, ಪಿಂಚಣಿಯ ಹೊರೆಯನ್ನು ಲೆಕ್ಕ ಹಾಕಿ ನಿರ್ಧರಿಸುವ ಆಕ್ಚುವರಿ ವೃತ್ತಿಯ ಬಗ್ಗೆ ಓದಿದಾಗಿನಿಂದ ಅದೇ ಗುಂಗಿನಲ್ಲಿದ್ದೇನೆ. ಆದರೆ ಬೆಂಗಳೂರಿನಲ್ಲಿ ಆಕ್ಚುವರಿಯಲ್ ಸೈನ್ಸ್ ಎಂಬ ಹೆಸರಿನದೇ ಪದವಿಗೆ ಸೇರದಿದ್ದರೆ ಈ ದಾರಿ ಮುಚ್ಚಿದಂತೆಯೇ ಎಂದು ಪರಿಚಿತರೊಬ್ಬರು ಹೇಳಿದರು. ನಮ್ಮದು ತಿಪಟೂರು ಕಡೆಯ ತೆಂಗಿನ ತೋಟದ ಮನೆ. ಅಷ್ಟು ಶುಲ್ಕದ ಜೊತೆಗೆ ಹಾಸ್ಟೆಲ್ ಖರ್ಚನ್ನೂ ಹೊರುವುದು ಅಪ್ಪನಿಗೆ ಕಷ್ಟ. ಈಗಿನ ಪದವಿಯಲ್ಲೇ ಮುಂದುವರಿದು ಅರ್ಹತೆ ಪಡೆಯಬಹುದೇ? ಪರೀಕ್ಷೆಗಳನ್ನು ಪದವಿ ಮುಗಿದ ಮೇಲೆ ಬರೆಯಬೇಕೇ, ಈಗಲೇ ಶುರು ಮಾಡಬೇಕೇ? ಹತ್ತನೆಯ ತರಗತಿಯವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ ಎಂಬುದನ್ನೂ ಹೇಳಿಬಿಡುತ್ತೇನೆ.

ಉತ್ತರ 1 (ಶಿರಾ ಗೇಟ್ ನಿವಾಸಿ):

ಪದವಿ ಬೇರೆ, ಅರ್ಹತೆ ಬೇರೆ. ನಮ್ಮ ದೇಶದಲ್ಲಿ ಅರ್ಹತೆ ಕೊಡುವುದು 2006ರ ಆಕ್ಚುವರಿಗಳ ಕಾಯ್ದೆಯಡಿ ರೂಪುಗೊಂಡ ಇನ್‌ಸ್ಟಿಟ್ಯೂಟ್ ಆಫ್ ಆಕ್ಚುವರೀಸ್ ಆಫ್ ಇಂಡಿಯಾ. ಅದರ ಪ್ರವೇಶ ಪರೀಕ್ಷೆಯಾದ ಎಸಿಇಟಿಗೆ ದ್ವಿತೀಯ ಪಿಯುಸಿ ಮುಗಿಸಿದವರೂ ಕೂರಬಹುದು. ಆಮೇಲೆ, 2019ರಲ್ಲಿ ಜಾರಿಗೆ ಬಂದ ಪಠ್ಯಕ್ರಮದ ಪ್ರಕಾರ, ಫೆಲೋ (ಪೂರ್ಣ ಅರ್ಹತೆ ಪಡೆದ ಸದಸ್ಯ) ಆಗಲು 13 ವಿಷಯಗಳನ್ನು ದಾಟಬೇಕು. ಆಕ್ಚುವರಿಯಲ್ ಸೈನ್ಸ್ ಎಂದು ಬರೆದ ಪದವಿ ಪತ್ರ ಕೈಯಲ್ಲಿದ್ದರೂ ಅದೊಂದರಿಂದ ಯಾರೂ ಆಕ್ಚುವರಿ ಆಗುವುದಿಲ್ಲ. ಹಾಗಾಗಿ ನಿಮ್ಮ ದಾರಿ ಮುಚ್ಚಿಲ್ಲ.

ಪದವಿ ಮುಗಿಯುವವರೆಗೆ ಕಾಯಬೇಡಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಾಲೇಜಿನಲ್ಲಿ ಸಂಭವನೀಯತೆಯ ಪಾಠ ನಡೆಯುತ್ತಿರುವಾಗಲೇ ಆ 13ರಲ್ಲಿ ಸಂಖ್ಯಾಶಾಸ್ತ್ರದ ಮೊದಲ ವಿಷಯವಾದ ಸಿಎಸ್1 ಓದಿದರೆ ಒಂದೇ ಶ್ರಮಕ್ಕೆ ಎರಡು ಫಲ. ಮೂರು ವರ್ಷ ಬಿಟ್ಟು ಮತ್ತೆ ಹಿಡಿದರೆ ಅದೇ ಪಾಠವನ್ನು ಮೊದಲಿನಿಂದ ಕಲಿಯಬೇಕಾಗುತ್ತದೆ. ನಾನು ಎಡವಿದ್ದು ಸಂಖ್ಯಾಶಾಸ್ತ್ರದ ಎರಡನೆಯ ವಿಷಯವಾದ ಸಿಎಸ್2ರಲ್ಲಿ. ಅದರ ಬಿ ಪತ್ರಿಕೆಯನ್ನು ಕಂಪ್ಯೂಟರಿನ ಮುಂದೆ ಕುಳಿತು ಆರ್ ಎಂಬ ತಂತ್ರಾಂಶದಲ್ಲಿ ಬರೆಯಬೇಕು. ನಾನಾದರೋ ಬೇರೆಯವರು ಬರೆದ ಕೋಡನ್ನು ಓದಿ, ಅರ್ಥವಾಯಿತೆಂದು ಪುಟ ತಿರುಗಿಸುತ್ತಾ ಹೋಗಿದ್ದೆ. ಪರೀಕ್ಷೆಯಲ್ಲಿ ಒಂದು ಆವರಣ ಚಿಹ್ನೆ ಬಿಟ್ಟುಹೋದದ್ದನ್ನು ಹುಡುಕುವುದರಲ್ಲೇ ಹೊತ್ತು ಕಳೆಯಿತು. ಎರಡನೆಯ ಸಲಕ್ಕೆ ದಿನವೂ ಒಂದು ಗಂಟೆ ನಾನೇ ಟೈಪ್ ಮಾಡಿ ಅಭ್ಯಾಸ ಮಾಡಿದೆ, ಪಾಸಾದೆ. ಆರ್ ಉಚಿತವಾಗಿ ಸಿಗುತ್ತದೆ, ಇವತ್ತೇ ಹಾಕಿಕೊಳ್ಳಿ.

ಉತ್ತರ 2 (ಕೋಲಾರದ ಸಂಖ್ಯಾಶಾಸ್ತ್ರ ಉಪನ್ಯಾಸಕ):

ಮೇಲಿನ ಮಾತನ್ನು ಒಪ್ಪುತ್ತೇನೆ; ತರಗತಿಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಸಂಖ್ಯಾಶಾಸ್ತ್ರದ ಪದವಿಯನ್ನು ಮನಸ್ಸಿಟ್ಟು ಓದಿದವರಿಗೆ ಸಿಎಸ್1ರ ಬಹುಭಾಗ ಪರಿಚಿತವೇ: ಸಂಭವನೀಯತಾ ವಿತರಣೆಗಳು, ಅಂದಾಜು, ಊಹೆಗಳ ಪರೀಕ್ಷೆ, ರಿಗ್ರೆಷನ್. ಪದವಿ ತರಗತಿಗಳಲ್ಲಿ ಸಾಮಾನ್ಯವಾಗಿ ಸಿಗದಿರುವುದು ಆಕ್ಚುವರಿ ಗಣಿತದ ಪತ್ರಿಕೆಯಾದ ಸಿಎಂ1ರ ವಿಷಯ. ಅದನ್ನು ಒಂದು ಲೆಕ್ಕದಿಂದ ತೋರಿಸುತ್ತೇನೆ. ಪ್ರತಿ ವರ್ಷದ ಕೊನೆಗೆ 10,000 ರೂಪಾಯಿಯಂತೆ 10 ವರ್ಷ ಹಣ ಬರುತ್ತದೆ ಎನ್ನೋಣ. ವಾರ್ಷಿಕ ಶೇ 8ರ ಬಡ್ಡಿಯಲ್ಲಿ ಅದರ ಇಂದಿನ ಬೆಲೆ ಸುಮಾರು 67,101 ರೂಪಾಯಿ. ಇಲ್ಲಿಯವರೆಗೆ ಇದು ಬರಿಯ ಬಡ್ಡಿಯ ಗಣಿತ. ಈಗ, ಹಣ ಪಡೆಯುವವರು ಬದುಕಿದ್ದರೆ ಮಾತ್ರ ಆ ವರ್ಷದ ಕಂತು ಸಿಗುತ್ತದೆ ಎಂಬ ಷರತ್ತು ಸೇರಿಸಿ. ಪ್ರತಿ ಕಂತಿನ ಇಂದಿನ ಬೆಲೆಯನ್ನು ಆ ವರ್ಷದವರೆಗೆ ಬದುಕಿರುವ ಸಂಭವನೀಯತೆಯಿಂದ ಗುಣಿಸಬೇಕಾಗುತ್ತದೆ, ಮೊತ್ತ 67,101ಕ್ಕಿಂತ ಕೆಳಗಿಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದನ್ನು ಹೇಳುವುದು ಮರಣ ಪ್ರಮಾಣದ ಕೋಷ್ಟಕ; ಭಾರತದ ವಿಮಾದಾರರ ಅನುಭವದಿಂದ ಸಿದ್ಧಪಡಿಸಿದ 2012-14ರ ಕೋಷ್ಟಕ ಅಂಥದ್ದೊಂದು. ಬಡ್ಡಿ ಮತ್ತು ಬದುಕು ಒಂದೇ ಸೂತ್ರದೊಳಗೆ ಸೇರುವ ಈ ಘಳಿಗೆಯಲ್ಲಿ ನಿಮಗೆ ಸಂತೋಷವಾದರೆ, ಈ ಓದು ನಿಮಗೆ ಒಗ್ಗುತ್ತದೆ ಎಂದು ಧೈರ್ಯವಾಗಿ ಹೇಳಬಲ್ಲೆ.

ವಿನಾಯಿತಿಯ ವಿಚಾರದಲ್ಲಿ ಮಾತ್ರ ಎಚ್ಚರ ಬೇಕು. ಬ್ರಿಟನ್ನಿನ ಆಕ್ಚುವರಿ ಸಂಸ್ಥೆಯು ತಾನು ಮಾನ್ಯ ಮಾಡಿದ ವಿಶ್ವವಿದ್ಯಾಲಯಗಳ ಪದವೀಧರರಿಗೆ, ನಿಗದಿತ ಮಟ್ಟದ ಅಂಕ ಬಂದಿದ್ದರೆ, ಕೆಲವು ಪತ್ರಿಕೆಗಳಿಂದ ವಿನಾಯಿತಿ ಕೊಡುತ್ತದೆ. ಅಮೆರಿಕದ ಸೊಸೈಟಿ ಆಫ್ ಆಕ್ಚುವರೀಸ್ ಅರ್ಥಶಾಸ್ತ್ರ, ಲೆಕ್ಕಶಾಸ್ತ್ರ ಮತ್ತು ಹಣಕಾಸು, ಗಣಿತೀಯ ಸಂಖ್ಯಾಶಾಸ್ತ್ರ ಈ ಮೂರನ್ನು ಅನುಮೋದಿತ ಕೋರ್ಸುಗಳ ಮೂಲಕವೇ ಪೂರೈಸಲು ಬಿಡುತ್ತದೆ. ಆದರೆ ಒಂದು ಸಂಸ್ಥೆಯ ವಿನಾಯಿತಿ ಇನ್ನೊಂದರಲ್ಲಿ ತಾನಾಗಿಯೇ ನಡೆಯುತ್ತದೆ ಎಂದು ತಿಳಿಯಬಾರದು. ವಿನಾಯಿತಿ ಇದೆ ಎಂದು ಯಾವ ಕಾಲೇಜು ಹೇಳಿದರೂ, ಯಾವ ಸಂಸ್ಥೆಯದು, ಯಾವ ಪತ್ರಿಕೆಗೆ, ಎಷ್ಟು ಅಂಕಕ್ಕೆ ಎಂಬುದನ್ನು ಬರಹದಲ್ಲಿ ಪಡೆದು, ಆ ಸಂಸ್ಥೆಯ ಜಾಲತಾಣದಲ್ಲಿ ತಾಳೆ ನೋಡದೆ ಶುಲ್ಕ ಕಟ್ಟಬೇಡಿ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಮನಸಾರೆ ಧನ್ಯವಾದ. 67,101ರ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಹತ್ತು ಸಾಲುಗಳಾಗಿ ಬರೆದು ಕೂಡಿಸಿದೆ, ಸರಿಯಾಗಿ ಬಂತು. ಇಂಗ್ಲಿಷಿನ ಭಯ ಮಾತ್ರ ಉಳಿದಿದೆ.

ಉತ್ತರ 1:

ನಾನೂ ಕನ್ನಡ ಮಾಧ್ಯಮದವನೇ. ಎಸಿಇಟಿಯಲ್ಲೇ ಇಂಗ್ಲಿಷಿನ ಭಾಗವಿದೆ. ಮುಂದೆ ಸಿಪಿ3 ಎಂಬ ಪತ್ರಿಕೆ ಇರುವುದೇ ಲೆಕ್ಕದ ಫಲಿತಾಂಶವನ್ನು ವಿಷಯ ತಿಳಿಯದವರಿಗೂ ಅರ್ಥವಾಗುವಂತೆ ಬರೆಯಬಲ್ಲಿರಾ ಎಂದು ನೋಡುವುದಕ್ಕೆ. ನನಗೆ ನೆರವಾದ ಕ್ರಮ ಇಷ್ಟು: ಬಿಡಿಸಿದ ಪ್ರತಿ ಲೆಕ್ಕದ ಕೆಳಗೆ ಉತ್ತರದ ಅರ್ಥವನ್ನು ಮೊದಲು ಕನ್ನಡದಲ್ಲಿ ಎರಡು ಸಾಲು, ನಂತರ ಇಂಗ್ಲಿಷಿನಲ್ಲಿ ಎರಡು ಸಾಲು ಬರೆಯುತ್ತಿದ್ದೆ. ಕನ್ನಡದಲ್ಲಿ ಬರೆಯಲಾಗದಿದ್ದರೆ ನನಗೆ ಲೆಕ್ಕವೇ ಅರ್ಥವಾಗಿಲ್ಲ ಎಂದು ಗೊತ್ತಾಗಿಬಿಡುತ್ತಿತ್ತು. ನೀವು ಎಕ್ಸೆಲ್‌ನಲ್ಲಿ ಮಾಡಿದ ಆ ಹತ್ತು ಸಾಲುಗಳ ಕೆಳಗೇ ಇದನ್ನು ಆರಂಭಿಸಿ.