ಸೂಟ್‌ಕೇಸ್ ಆಮೇಲೆ, ಮೊದಲು ಹೆಸರು ಸರಿಮಾಡಿಸಿ

ಮೈಸೂರಿನಿಂದ ಇಂಗ್ಲೆಂಡಿಗೆ ಹೊರಟಿದ್ದೇವೆ, ಗಂಡನಿಗೆ ಸ್ಕಿಲ್ಡ್ ವರ್ಕರ್ ವೀಸಾ (ಅಲ್ಲಿನ ಕಂಪನಿ ಕೆಲಸ ಕೊಟ್ಟವರಿಗೆ ಸಿಗುವುದು), 4 ಮತ್ತು 9 ವರ್ಷದ ಇಬ್ಬರು ಮಕ್ಕಳು, ಏನೇನು ತರಬೇಕು ಅಂತ ಕೇಳಿದ್ದೀರಿ. ಬಂದ ಉತ್ತರಗಳಲ್ಲಿ ಅರ್ಧಕ್ಕರ್ಧ ಅಡುಗೆಮನೆಯವೇ. ಅದನ್ನು ನಾನೂ ಬೇಗ ಮುಗಿಸಿಬಿಡುತ್ತೇನೆ. ಮಿಕ್ಸಿ ತನ್ನಿ, ಇಲ್ಲೂ 230 ವೋಲ್ಟೇ, ಪ್ಲಗ್ ಮಾತ್ರ ಬೇರೆ. ಮುದ್ದೆ ಕೋಲು ತನ್ನಿ, ರಾಗಿ ಹಿಟ್ಟು ಇಲ್ಲಿನ ಅಂಗಡಿಯಲ್ಲೇ ಸಿಗುತ್ತದೆ. ತುಪ್ಪ ಬೇಡ, ಭಾರತದಿಂದ ಹಾಲಿನ ಪದಾರ್ಥ ತರುವ ಹಾಗಿಲ್ಲ.

ಈಗ ನಿಜವಾದ ಕೆಲಸಕ್ಕೆ ಬರೋಣ. ನಿಮ್ಮ ನಾಲ್ವರ ಪಾಸ್‌ಪೋರ್ಟ್, ಮಕ್ಕಳ ಜನನ ಪ್ರಮಾಣಪತ್ರ, ಮದುವೆ ಪ್ರಮಾಣಪತ್ರ ಎಲ್ಲವನ್ನೂ ಊಟದ ಟೇಬಲ್ ಮೇಲೆ ಹರಡಿ. ಒಬ್ಬೊಬ್ಬರ ಹೆಸರೂ ಎಲ್ಲ ಕಾಗದದಲ್ಲಿ ಒಂದೇ ಥರ ಇದೆಯಾ ನೋಡಿ. ನಮ್ಮ ಕಡೆಯವರಾದರೆ ಇರುವುದಿಲ್ಲ ಅಂತ ಬೆಟ್ ಕಟ್ಟುತ್ತೇನೆ.

ನಮಗೆ ಇನಿಶಿಯಲ್ ಉಂಟು, ಸರ್‌ನೇಮ್ ಇಲ್ಲ. ಒಂದು ಅಕ್ಷರ ಊರಿಗೆ, ಒಂದು ಅಕ್ಷರ ಅಪ್ಪನಿಗೆ. ಪಾಸ್‌ಪೋರ್ಟ್ ಮಾಡಿಸುವಾಗ ಅದನ್ನು ಬಿಡಿಸಿ ಬರೆಯುತ್ತೇವೆ, ಒಬ್ಬೊಬ್ಬರದು ಒಂದೊಂದು ರೀತಿ. ನಮ್ಮ ಮನೆಯಲ್ಲಿ ಗಂಡನಿಗೆ ಅವರಪ್ಪನ ಹೆಸರೇ ಸರ್‌ನೇಮ್. ನನ್ನ ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ. ಮಗಳಿಗೆ ಊರಿನ ಹೆಸರು ಅಂಟಿಕೊಂಡಿದೆ. ಹೀಗಾಗಿ ಆಸ್ಪತ್ರೆಯಿಂದ ಅವಳಿಗೆ ಬರುವ ಕಾಗದದ ಮೇಲೆ ‘ಮಿಸ್ ಹೊಳಲ್ಕೆರೆ’ ಅಂತ ಇರುತ್ತದೆ. ಇಡೀ ತಾಲ್ಲೂಕಿಗೇ ಲಸಿಕೆ ಹಾಕಿಸಲು ಕರೆದ ಹಾಗೆ! ಇದು ತಮಾಷೆ. ಆದರೆ ಮದುವೆ ಪ್ರಮಾಣಪತ್ರದಲ್ಲಿ ಬರೀ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು ಅಂತ ಗೊತ್ತಾದಾಗ ಹೊರಡಲು ಐದು ವಾರ ಉಳಿದಿತ್ತು. ಅದು ತಮಾಷೆ ಆಗಿರಲಿಲ್ಲ.

ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರು ಇದೆಯಾ ಅಂತಲೂ ನೋಡಿ. ನಾಮಕರಣಕ್ಕೆ ಮುಂಚೆ ನೋಂದಣಿ ಆಗಿಬಿಡುತ್ತದೆ, ಆಮೇಲೆ ಸೇರಿಸುವುದು ಮರೆತೇ ಹೋಗಿರುತ್ತದೆ. ಹುಟ್ಟು ನೋಂದಣಿಯಾಗಿ 15 ವರ್ಷದ ಒಳಗೆ ಹೆಸರು ಸೇರಿಸಬಹುದು, ನಿಮಗೆ ತೊಂದರೆ ಇಲ್ಲ. ಮದುವೆ ನೋಂದಣಿಯೇ ಆಗಿಲ್ಲದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಈ ವಾರವೇ ಹೋಗಿ. ಲಗ್ನಪತ್ರಿಕೆ, ಆಲ್ಬಂ ತೋರಿಸಿದರೆ ವೀಸಾದವರು ಒಪ್ಪುವುದಿಲ್ಲ.

ಕ್ಷಯದ ಪರೀಕ್ಷೆ ಮಾತ್ರ ಅವಸರ ಮಾಡಬೇಡಿ. ಆರು ತಿಂಗಳಿಗಿಂತ ಜಾಸ್ತಿ ಇರಲು ಬರುವವರಿಗೆ ಅದು ಕಡ್ಡಾಯ, ಇಲ್ಲಿನ ಸರ್ಕಾರ ಒಪ್ಪಿದ ಕ್ಲಿನಿಕ್ಕಿನಲ್ಲೇ ಆಗಬೇಕು. ಆ ಸರ್ಟಿಫಿಕೇಟಿಗೆ ಆರೇ ತಿಂಗಳ ಆಯುಷ್ಯ.

ದುಡ್ಡಿನ ವಿಷಯದಲ್ಲಿ ನೀವು ಯಾರೂ ಲೆಕ್ಕ ಹಾಕದ ಒಂದು ಬಾಬ್ತು ಇದೆ: ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಮುಂಗಡವಾಗಿ ಕಟ್ಟುವ ಆರೋಗ್ಯದ ಸರ್‌ಚಾರ್ಜ್. 2024ರ ಫೆಬ್ರವರಿಯಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, 18 ತುಂಬದವರಿಗೆ 776. ವೀಸಾ ಎಷ್ಟು ವರ್ಷವೋ ಅಷ್ಟೂ ವರ್ಷದ್ದನ್ನು ಅರ್ಜಿ ಹಾಕುವಾಗಲೇ ಕಟ್ಟಬೇಕು. ಮೂರು ವರ್ಷಕ್ಕೆ ನಿಮ್ಮ ನಾಲ್ವರದ್ದು 10,866 ಪೌಂಡ್. ವೀಸಾ ಶುಲ್ಕ ಬೇರೆ. ಕೆಲವು ಕಂಪನಿಗಳು ಮನೆಯವರೆಲ್ಲರದ್ದೂ ಕಟ್ಟುತ್ತವೆ, ಕೆಲವು ನೌಕರನದ್ದು ಮಾತ್ರ. ಆಫರ್ ಲೆಟರ್‌ಗೆ ಸಹಿ ಹಾಕುವ ಮುಂಚೆ ಕೇಳಿ, ಆಮೇಲೆ ಕೇಳಿದರೆ ಮುಗುಳ್ನಗೆ ಮಾತ್ರ ಸಿಗುತ್ತದೆ.

ಭಾರತದ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಹೊರದೇಶದಲ್ಲಿರುವವರ ಖಾತೆ, ಮಾಡಿಸಬೇಕು, ಹಾಗೇ ಇಟ್ಟುಕೊಳ್ಳುವುದು ನಿಯಮಕ್ಕೆ ವಿರುದ್ಧ. ಸಿಮ್ ಸಾಯಲು ಬಿಡಬೇಡಿ. ಬ್ಯಾಂಕು, ಆಧಾರ್, ಎಲ್ಲದರ ಓಟಿಪಿ ಅದಕ್ಕೇ ಬರುವುದು.

ಮನೆಗಿಂತ ಮೊದಲು ಶಾಲೆ ನೋಡಿ. ಇಲ್ಲಿ ತರಗತಿ ಸಿಗುವುದು ಅಂಕದ ಮೇಲಲ್ಲ, ಹುಟ್ಟಿದ ತಾರೀಖಿನ ಮೇಲೆ. ಸೆಪ್ಟೆಂಬರ್ 1ರಿಂದ ಮುಂದಿನ ಆಗಸ್ಟ್ 31ರವರೆಗೆ ಹುಟ್ಟಿದವರೆಲ್ಲ ಒಂದು ತಂಡ. ನಾಲ್ಕು ತುಂಬಿದ ಮೇಲೆ ಬರುವ ಸೆಪ್ಟೆಂಬರಿಗೆ ರಿಸೆಪ್ಷನ್ (ಶಾಲೆಯ ಮೊದಲ ವರ್ಷ, ಅದಾದ ಮೇಲೆ ಇಯರ್ 1) ಶುರು. ವರ್ಷದ ಮಧ್ಯದಲ್ಲಿ ಬಂದರೆ ಆ ಊರಿನ ಕೌನ್ಸಿಲ್‌ನಲ್ಲಿ (ನಮ್ಮ ನಗರಸಭೆಯ ಹಾಗೆ) ವಿಚಾರಿಸಬೇಕು. ಸರ್ಕಾರಿ ಶಾಲೆಗೆ ಫೀಸು ಇಲ್ಲ, ಆದರೆ ಜಾಗವೂ ಇರುತ್ತದೆ ಅಂತಿಲ್ಲ. ರಿಸೆಪ್ಷನ್, ಇಯರ್ 1, ಇಯರ್ 2ರಲ್ಲಿ ಒಬ್ಬ ಟೀಚರಿಗೆ 30 ಮಕ್ಕಳು ಅಂತ ಕಾನೂನೇ ಮಿತಿ ಹಾಕಿದೆ, ಹಾಗಾಗಿ ಚಿಕ್ಕವರಿಗೇ ಕಷ್ಟ ಜಾಸ್ತಿ. ನಮಗೆ ದೊಡ್ಡವಳಿಗೆ ಮನೆ ಪಕ್ಕದ ಶಾಲೆ ಸಿಕ್ಕಿತು, ಚಿಕ್ಕವನಿಗೆ ಎರಡು ಮೈಲಿ ಆಚೆ. ಎರಡೂ ಕಡೆ ಗೇಟು ತೆರೆಯುವುದು ಒಂದೇ ಹೊತ್ತಿಗೆ. ಏಳು ತಿಂಗಳು ಓಡಿದೆ, ಮಳೆಯಲ್ಲಿ, ಕತ್ತಲಲ್ಲಿ. ಅದಕ್ಕೇ ಹೇಳುತ್ತೇನೆ, ಮೊದಲ ತಿಂಗಳು ತಾತ್ಕಾಲಿಕವಾಗಿ ಎಲ್ಲಾದರೂ ಇರಿ. ಇಬ್ಬರಿಗೂ ಎಲ್ಲಿ ಜಾಗ ಇದೆ ಅಂತ ತಿಳಿದುಕೊಂಡು ಅಲ್ಲೇ ಮನೆ ಹಿಡಿಯಿರಿ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೆನೆಸಿಕೊಂಡು ಹೆದರಬೇಡಿ. ಸಾಮಾನ್ಯ ಬಾಡಿಗೆಗೆ ಇಂಗ್ಲೆಂಡಿನಲ್ಲಿ ಡಿಪಾಸಿಟ್ ಐದು ವಾರದ ಬಾಡಿಗೆ ದಾಟುವ ಹಾಗಿಲ್ಲ.

ಶಾಲೆಯ ಫಾರ್ಮಿನಲ್ಲಿ ಮನೆಮಾತು ಯಾವುದು ಅಂತ ಕೇಳುತ್ತಾರೆ. ಮಗುವನ್ನು ಹಿಂದೆ ಕೂರಿಸಿಬಿಡುತ್ತಾರೆ ಅಂತ ಹೆದರಿ ಎಷ್ಟೋ ಜನ ಇಂಗ್ಲಿಷ್ ಅಂತ ಬರೆಯುತ್ತಾರೆ. ಸುಮ್ನೆ ಕನ್ನಡ ಅಂತ ಬರೆಯಿರಿ. ಹಾಗೆ ಬರೆದರೆ ತಾನೇ ಇಂಗ್ಲಿಷಿಗೆ ಬೇಕಾದ ಸಹಾಯ ಕೊಡುವುದು? ನಿಮ್ಮ ದೊಡ್ಡ ಮಗುವಿಗೆ ಈಗ ಕನ್ನಡ ಓದಲು ಬರುತ್ತದೆ ಅಲ್ವಾ? ಎರಡು ವರ್ಷ ಕೈಬಿಟ್ಟರೆ ಒತ್ತಕ್ಷರ ಮೊದಲು ಹೋಗುತ್ತದೆ. ಸೂಟ್‌ಕೇಸಿನಲ್ಲಿ ಒಂದು ಕುಕ್ಕರ್ ಕಡಿಮೆ ಮಾಡಿ ನಾಲ್ಕು ಕಥೆ ಪುಸ್ತಕ ಇಡಿ.

ಲಸಿಕೆ ಕಾರ್ಡ್ ಕೈಚೀಲದಲ್ಲಿರಲಿ. ನಮ್ಮಲ್ಲಿ ದಡಾರದ ಮೊದಲ ಲಸಿಕೆ ಒಂಬತ್ತು ತಿಂಗಳಿಗೆ ಹಾಕುತ್ತಾರೆ, ಇಲ್ಲಿ ವರ್ಷ ತುಂಬುವ ಮುಂಚೆ ಹಾಕಿದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮತ್ತೆ ಹಾಕಿಸಿ ಅಂದರೆ ಗಾಬರಿಯಾಗಬೇಡಿ. ನಿಮ್ಮಿಬ್ಬರ ಹಲ್ಲಿನ ಕೆಲಸವನ್ನೂ ಮೈಸೂರಿನಲ್ಲೇ ಮುಗಿಸಿ ಬನ್ನಿ.

ಕೊನೆಗೆ, ನೀವು ಕೇಳದೇ ಇದ್ದದ್ದು. ನೆಲೆ ನಿಂತ ಮೇಲೆ ಅಪ್ಪ ಅಮ್ಮನನ್ನು ಕರೆಸಿಕೊಳ್ಳುತ್ತೇವೆ ಅಂತ ಎಲ್ಲರೂ ಅಂದುಕೊಂಡೇ ಬರುತ್ತೇವೆ. ನಾನೂ ಅಂದುಕೊಂಡಿದ್ದೆ. ಇಲ್ಲಿ ಅದು ಹೆಚ್ಚುಕಡಿಮೆ ಆಗದ ಮಾತು. ಮಾಮೂಲಿ ವಿಸಿಟರ್ ವೀಸಾದಲ್ಲಿ ಒಂದು ಸಲಕ್ಕೆ ಆರು ತಿಂಗಳು, ಅಷ್ಟೇ. ಇದನ್ನು ಹೊರಡುವ ಮುಂಚೆ ಮನೆಯಲ್ಲಿ ಕೂತು ಬಾಯಿಬಿಟ್ಟು ಮಾತಾಡಿ. ಅವರ ಆರೋಗ್ಯ ವಿಮೆ, ರಾತ್ರಿ ಫೋನ್ ಮಾಡಿದರೆ ಬರುವವರು ಯಾರು, ಎಲ್ಲ ಬರೆದಿಡಿ. ಅವರ ಪಾಸ್‌ಪೋರ್ಟ್ ಕೂಡ ಈಗಲೇ ಮಾಡಿಸಿ. ಅದರಲ್ಲೂ ಇನಿಶಿಯಲ್ ನೋಡಿಕೊಳ್ಳಿ.