ಪದಚರ್ಚೆ: ಕಾರಿನ ಸದ್ದುಗಳಿಗೆ ಕನ್ನಡದಲ್ಲಿ ಏನೆನ್ನಬೇಕು? (ತುರ್ತು)

ಪ್ರಶ್ನೆ, ಉಡುಪಿಯಿಂದ

ಮಾನ್ಯರೇ,

ಉಡುಪಿಯ ಅಂಬಲಪಾಡಿಯಲ್ಲಿ ನನ್ನ ಭಾವನವರದೊಂದು ಗ್ಯಾರೇಜಿದೆ. ಕಾರು ಬಿಡಲು ಬಂದವರು ತುಂಬುವ ಜಾಬ್ ಕಾರ್ಡನ್ನು ಕನ್ನಡದಲ್ಲಿ ಅಚ್ಚು ಹಾಕಿಸುವ ಮನಸ್ಸು ಅವರಿಗೆ ಬಂದಿದೆ. ನಾಳೆ ಸಂಜೆಯೊಳಗೆ ಪ್ರೆಸ್ಸಿಗೆ ಕೊಡಬೇಕು. ಇಂಗ್ಲಿಷ್ ಕಾರ್ಡಿನಲ್ಲಿ ‘ಅಬ್‌ನಾರ್ಮಲ್ ನಾಯ್ಸ್’ ಎಂಬ ತಲೆಬರಹದಡಿ ಸ್ಕ್ವೀಲ್, ಗ್ರೈಂಡಿಂಗ್, ಹಮ್, ಕ್ಲಿಕ್, ಕ್ಲಂಕ್, ರ್‍ಯಾಟಲ್, ನಾಕ್ ಎಂದು ಏಳು ಚೌಕಗಳಿವೆ. ತಲೆಬರಹಕ್ಕೆ ‘ಅಸಾಮಾನ್ಯ ಶಬ್ದ’ ಎಂದು ಬರೆದುಕೊಂಡಿದ್ದೇನೆ. ಉಳಿದ ಏಳಕ್ಕೂ ‘ಕರ್ಕಶ ಶಬ್ದ’ ಎಂಬುದರ ಹೊರತು ನನಗೇನೂ ಹೊಳೆಯುತ್ತಿಲ್ಲ. ದಯವಿಟ್ಟು ತಿಳಿಸಿ.

ಮೊದಲ ಉತ್ತರ

‘ಅಸಾಮಾನ್ಯ ಶಬ್ದ’ ಕನ್ನಡವಲ್ಲ. ‘ಸದ್ದು’ ಎಂಬ ಅಚ್ಚಗನ್ನಡ ಪದವಿರುವಾಗ ಸಂಸ್ಕೃತದ ಹಂಗೇಕೆ? ಏಳಕ್ಕೂ ‘ಉಲಿ’ಯನ್ನು ಸೇರಿಸಿ ಕಿರುಚುಲಿ, ಉಜ್ಜುಲಿ, ಮೊರೆಯುಲಿ, ಕುಟ್ಟುಲಿ ಎಂದು ಸಾಗಿದರೆ ಮುಗಿಯಿತು. ‘ಸ್ಟಾರ್ಟ್ ಮಾಡುವಾಗ’ ಎಂದು ಬರೆಯಬೇಡಿ, ‘ಚಾವಿ ತಿರುಗಿಸುವಾಗ’ ಎನ್ನಿ. ಬ್ರೇಕಿಗೆ ‘ಬಿರಿ’ ಇದೆ.

ಎರಡನೆಯ ಉತ್ತರ, ಮಂಗಳೂರಿನಿಂದ

‘ಸದ್ದು’ ಅಚ್ಚಗನ್ನಡವಲ್ಲ; ‘ಶಬ್ದ’ವೇ ಪ್ರಾಕೃತದ ‘ಸದ್ದ’ವಾಗಿ ನಮ್ಮಲ್ಲಿ ‘ಸದ್ದು’ ಆಗಿದೆ. ‘ಚಾವಿ’ಯಂತೂ ಪೋರ್ಚುಗೀಸರಿಂದ ಬಂದದ್ದು, ಜನೇಲಿನ ಹಾಗೆಯೇ. ‘ಬಿರಿ’ ಹಳೆ ಮೈಸೂರಿನ ಕಡೆ ಸಲ್ಲುತ್ತದೆ. ನಮ್ಮ ಕರಾವಳಿಯಲ್ಲಿ ಬಿರಿಯುವುದು ಮಲ್ಲಿಗೆಯೇ ಹೊರತು ಚಕ್ರವಲ್ಲ. ಇನ್ನು ‘ಕುಟ್ಟುಲಿ’ ಎಂಬ ಚೌಕಕ್ಕೆ ಗುರುತು ಹಾಕುವ ಗಿರಾಕಿಯನ್ನು ನಾನು ನೋಡಬೇಕಾಗಿದೆ.

ಪ್ರಶ್ನೆ ಕೇಳಿದವರು ನಾಮಪದಗಳನ್ನು ಹುಡುಕುತ್ತಿರುವುದರಿಂದಲೇ ಅವರಿಗೆ ದಾರಿ ಸಿಗುತ್ತಿಲ್ಲ. ಇಂಗ್ಲಿಷಿನಲ್ಲಿ ಒಂದೊಂದು ಸದ್ದಿಗೂ ಒಂದೊಂದು ಹೆಸರಿದೆ, ನಮ್ಮಲ್ಲಿ ಆ ಕೆಲಸವನ್ನು ಅನುಕರಣಾವ್ಯಯಗಳು, ಎಂದರೆ ಕೇಳಿದ ಸದ್ದನ್ನೇ ಅನುಕರಿಸುವ ಪದಗಳು, ಮಾಡುತ್ತವೆ. ಅವುಗಳ ರೂಪವೇ ಕೆಟ್ಟದ್ದು ಯಾವುದೆಂದು ಅರ್ಧ ಹೇಳಿಬಿಡುತ್ತದೆ. ಒಮ್ಮೆ ಆಗಿ ನಿಲ್ಲುವುದು ‘ಟಕ್ಕನೆ’, ಗಾಲಿಯೊಡನೆ ಸುತ್ತಿ ಸುತ್ತಿ ಬರುವುದು ‘ಟಕಟಕ’, ಎಲ್ಲಿಯೂ ಕಡಿಯದೆ ಎಳೆಯುವುದು ‘ಗುಂಯ್’. ತೆಳ್ಳಗಿನ ತಗಡು ‘ಕಟಕಟ’ ಎಂದರೆ ತೂಕದ ಭಾಗ ‘ಗಡಗಡ’ ಎನ್ನುತ್ತದೆ. ಸೈಲೆನ್ಸರಿನ ಮೇಲಿನ ತಗಡಿನ ಹೊದಿಕೆ ಸಡಿಲವಾದುದಕ್ಕೂ ಗಾಲಿಯನ್ನು ಹಿಡಿದಿಡುವ ಲೋವರ್ ಆರ್ಮಿನ ಬುಶ್ ಸವೆದುದಕ್ಕೂ ಇರುವ ವ್ಯತ್ಯಾಸವನ್ನು ಗ, ಡಗಳಂತಹ ನಾದವುಳ್ಳ ಘೋಷಾಕ್ಷರಗಳು ತೋರಿಸಿಕೊಡುತ್ತವೆ ಎಂಬುದು ಸಣ್ಣ ಸಂಗತಿಯಲ್ಲ.

ನನ್ನದೇ ಅನುಭವ ಹೇಳುತ್ತೇನೆ. ಕಳೆದ ಮಳೆಗಾಲದಲ್ಲಿ ಹೆದ್ದಾರಿ 66ರಲ್ಲಿ ಸುರತ್ಕಲ್ ದಾಟಿ ಅರುವತ್ತರ ವೇಗಕ್ಕೆ ಬಂದೊಡನೆ ನನ್ನ ಕಾರಿನಲ್ಲಿ ಕಡಲಿನ ಮೊರೆತದಂತಹ ಸದ್ದು ಏಳುತ್ತಿತ್ತು. ಒಂದು ಕಡೆ ಕಾರ್ಡಿನಲ್ಲಿ ‘ಶಬ್ದ ಬರುತ್ತದೆ’ ಎಂದಷ್ಟೇ ಬರೆದುಕೊಟ್ಟೆ. ಅವರು ಎರಡು ಟಯರ್ ಬದಲಾಯಿಸಿ ಬಿಲ್ಲು ಕೊಟ್ಟರು, ಸದ್ದು ಮಾತ್ರ ಹಾಗೆಯೇ ಉಳಿಯಿತು. ಆಮೇಲೆ ಕಿನ್ನಿಗೋಳಿಯ ಒಬ್ಬ ಮೆಕ್ಯಾನಿಕ್ ಪಾನೆ ಕೈಗೆತ್ತಿಕೊಳ್ಳುವ ಮೊದಲೇ ಕೇಳಿದ್ದು ಇದು: “ಗುಂಯ್ ಅಂತ ಬರುವುದಾ, ಗರಗರ ಅಂತ ಬರುವುದಾ?” ಗುಂಯ್ ಎಂದೆ. ಪಕ್ಕದಲ್ಲಿ ಕುಳಿತು, ಖಾಲಿ ರಸ್ತೆಯಲ್ಲಿ ಸ್ಟೇರಿಂಗನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ವಾಲಿಸಲು ಹೇಳಿದರು. ಎಡಕ್ಕೆ ತಿರುಗಿದಾಗ ಭಾರ ಬಲಗಾಲಿಯ ಮೇಲೆ ಬೀಳುತ್ತದೆ, ಗುಂಯ್ ಹೆಚ್ಚಾಯಿತು. ಬಲಗಡೆಯ ಬೇರಿಂಗ್ ಹೋಗಿತ್ತು. ಗರಗರ ಎಂದಿದ್ದರೆ ಅವರು ಮೊದಲು ಬ್ರೇಕನ್ನು ಬಿಚ್ಚುತ್ತಿದ್ದರು.

ಆದ್ದರಿಂದ ಚೌಕಗಳಲ್ಲಿ ಸದ್ದನ್ನೂ ಅದು ಕೇಳಿಸುವ ಹೊತ್ತನ್ನೂ ಒಟ್ಟಿಗೆ ಕೊಡಿ. ‘ಬ್ರೇಕ್ ಹಾಕಿದಾಗ ಕೀಂಯ್ ಎನ್ನುತ್ತದೆ’: ಬ್ರೇಕಿನ ಪ್ಯಾಡ್ ಸವೆದಾಗ ಎಚ್ಚರಿಸಲೆಂದೇ ಇಟ್ಟ ಲೋಹದ ಪಟ್ಟಿ ಡಿಸ್ಕಿಗೆ ತಾಗಿದರೆ ಹೀಗಾಗುತ್ತದೆ. ನಮ್ಮ ಕಡಲ ಹವೆಯಲ್ಲಿ ರಾತ್ರಿ ಹೊರಗೆ ನಿಂತ ಕಾರಿನ ಡಿಸ್ಕಿಗೆ ತುಕ್ಕಿನ ಪೊರೆ ಹಿಡಿದು ಬೆಳಗ್ಗೆ ಎರಡು ಮೂರು ಬ್ರೇಕಿನವರೆಗೆ ಸದ್ದು ಮಾಡುವುದುಂಟು, ಅದಕ್ಕೆ ಗಾಬರಿ ಬೇಡ. ‘ಬ್ರೇಕ್ ಹಾಕಿದಾಗ ಗರಗರ’: ಪ್ಯಾಡ್ ಮುಗಿದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ. ‘ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಟಕಟಕ’: ರಬ್ಬರ್ ಬೂಟ್ ಹರಿದು ಗ್ರೀಸ್ ಹೊರಬಂದ ಎಕ್ಸೆಲ್ ಜಾಯಿಂಟ್. ‘ಹೊಂಡಕ್ಕೆ ಇಳಿದಾಗ ಗಡಗಡ’ ಎಂಬುದಕ್ಕೆ ನಮ್ಮ ರಸ್ತೆಗಳಲ್ಲಿ ವಿವರಣೆ ಬೇಕಾಗದು.

‘ನಾಕ್’ ಎಂಬ ಹೆಸರನ್ನು ಹಾಗೆಯೇ ಇಟ್ಟುಕೊಳ್ಳಿ, ಆದರೆ ಅದಕ್ಕೆ ಒಂದೇ ಚೌಕ ಸಾಲದು. ಆಗುಂಬೆ ಘಾಟಿಯನ್ನು ಮೇಲಿನ ಗೇರಿನಲ್ಲಿ ಏರಿಸುವಾಗ ಪೆಟ್ರೋಲ್ ಹೊತ್ತಿಗೆ ಮುಂಚೆ ತಾನಾಗಿ ಸಿಡಿದು ಟಿಣಿಟಿಣಿ ಎನ್ನುವುದಕ್ಕೂ ‘ನಾಕ್’ ಎನ್ನುತ್ತಾರೆ, ಎಣ್ಣೆ ಕಡಿಮೆಯಾಗಿ ಇಂಜಿನಿನೊಳಗಿನ ಬೇರಿಂಗ್ ಸವೆದು ದಡದಡ ಎನ್ನುವುದಕ್ಕೂ ಎನ್ನುತ್ತಾರೆ. ಮೊದಲನೆಯದಕ್ಕೆ ಗೇರು ಇಳಿಸಿದರೆ ಸಾಕಾಗಬಹುದು. ಎರಡನೆಯದಕ್ಕೆ ಇಂಜಿನ್ ಆಫ್ ಮಾಡಿ ಗಾಡಿಯನ್ನು ಎಳೆಸಿಕೊಂಡು ಹೋಗಬೇಕು. ಎರಡೂ ಸದ್ದುಗಳನ್ನು ಬೇರೆ ಬೇರೆ ಚೌಕಗಳಲ್ಲಿ ಬರೆಯಿರಿ.

ಮೂರನೆಯ ಉತ್ತರ

‘ಗುಂಯ್‌ಗುಟ್ಟುತ್ತದೆ’ ಎಂದು ಮಾತ್ರ ಯಾರೂ ಬರೆಯಬಾರದೆಂದು ಮುಂಚಿತವಾಗಿಯೇ ವಿನಂತಿ. ‘-ಗುಟ್ಟು’ ಎಂಬುದು ‘ಕುಟ್ಟು’ ಧಾತುವಿಗೆ ಆದೇಶ ಬಂದ (ಕಕಾರ ಗಕಾರವಾದ) ರೂಪ. ಕುಟ್ಟುವ ಕ್ರಿಯೆಯಿಲ್ಲದ ಕಡೆ ಅದು ಅಸಾಧು. 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾದ ಕಿಟೆಲರ ನಿಘಂಟನ್ನು ತೆರೆದು ನೋಡುವ ಅಭ್ಯಾಸ ಈ ಬಳಗದಲ್ಲಿ ಕಡಿಮೆಯಾಗಿದೆ.

ಎರಡನೆಯ ಉತ್ತರದವರಿಂದ ಮತ್ತೆ

ಪಿಸುಗುಟ್ಟುವವರು ಏನನ್ನು ಕುಟ್ಟುತ್ತಾರೆ, ಮಿಣುಗುಟ್ಟುವ ನಕ್ಷತ್ರ ಏನನ್ನು ಕುಟ್ಟುತ್ತದೆ ಎಂದು ತಿಳಿಸಿದರೆ ಉಪಕಾರವಾದೀತು. ಧಾತುವಿನ ಹುಟ್ಟು ಬೇರೆ, ಬಳಕೆ ಬೇರೆ.

ಮೊದಲ ಉತ್ತರದವರಿಂದ

ಚಾವಿಗೆ ‘ಬೀಗದ ಕೈ’ ಇದೆ, ನನ್ನ ತಪ್ಪನ್ನು ತಿದ್ದಿಕೊಂಡೆ. ಆದರೆ ‘ನಾಕ್’, ‘ಪ್ಯಾಡ್’, ‘ಬೇರಿಂಗ್’ಗಳಿಗೆ ಹೀಗೆ ಬಾಗಿಲು ತೆರೆದಿಟ್ಟರೆ ಕಾರ್ಡಿನಲ್ಲಿ ಕನ್ನಡವೆಂದು ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. ನನಗೆ ಹೆಚ್ಚು ಹೇಳಲಿಕ್ಕಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ನಮಸ್ಕಾರ. ಕರಡನ್ನು ರಾತ್ರಿ ಭಾವನವರಿಗೆ ಓದಿ ಹೇಳಿದೆ. ‘ಗುಂಯ್’, ‘ಗರಗರ’, ‘ಟಕಟಕ’ಗಳನ್ನು ಅವರು ತಡೆಯಿಲ್ಲದೆ ಒಪ್ಪಿದರು; ಕೆಲಸದ ಹುಡುಗರು ಸದ್ದುಗಳನ್ನು ಒಂದೊಂದಾಗಿ ಬಾಯಲ್ಲಿ ಮಾಡಿ ನೋಡಿ, ‘ಕೀಂಯ್’ಗೆ ಇನ್ನೊಂದು ದೀರ್ಘ ಬೇಕೆಂದು ವಾದಿಸಿದರು. ‘ಟಿಣಿಟಿಣಿ’ ದೇವಸ್ಥಾನದ ಗಂಟೆಯಾಯಿತೆಂದು ಅದನ್ನು ‘ಟಿಕಿಟಿಕಿ’ ಮಾಡಿದ್ದಾರೆ. ‘ಅಸಾಮಾನ್ಯ ಶಬ್ದ’ವನ್ನು ಹೊಡೆದುಹಾಕಿ ‘ಗಾಡಿಯಲ್ಲಿ ಸೌಂಡ್ ಉಂಟೇ?’ ಎಂದು ತಮ್ಮ ಕೈಯಾರೆ ಬರೆದರು. ನಾನು ‘ಸೌಂಡ್’ ತೆಗೆದು ‘ಸದ್ದು’ ಹಾಕಿ, ‘ಉಂಟೇ’ಯನ್ನು ಉಳಿಸಿಕೊಂಡು ಪ್ರೆಸ್ಸಿಗೆ ಕಳುಹಿಸಿದ್ದೇನೆ. ಚೌಕಗಳು ಏಳಿದ್ದದ್ದು ಎಂಟಾಗಿರುವುದರಿಂದ ಕೊನೆಯದು ಸಹಿಯ ಜಾಗಕ್ಕೆ ಸ್ವಲ್ಪ ಒತ್ತಿಕೊಂಡಿದೆ.